ಲಾಭ ಏರುತ್ತಿದೆ, ನಗದು ಬರುತ್ತಿಲ್ಲ: ಲೆಕ್ಕಪತ್ರದ ಮೋಸದ ಸುಳಿವು ಎಲ್ಲಿ ಹುಡುಕಬೇಕು?

ನಿಧಾನಿ

ಒಂದು ಕಂಪನಿಯ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಹೆಸರು ಹೇಳುವುದಿಲ್ಲ, ಯಾರ ಮೇಲೂ ಆರೋಪ ಹೊರಿಸುವ ಉದ್ದೇಶವಿಲ್ಲ. ನಿವ್ವಳ ಲಾಭ ಪ್ರತಿ ವರ್ಷ ಏರಿದೆ. ಒಂದು ತ್ರೈಮಾಸಿಕವೂ ಮುಗ್ಗರಿಸಿಲ್ಲ. ಆದರೆ ವ್ಯವಹಾರದಿಂದ ಬಂದ ನಗದು ಮೂರು ವರ್ಷಗಳಿಂದ ಇದ್ದಲ್ಲೇ ಇದೆ. ಕೇಳಿದವರಿಗೆಲ್ಲ ಆಡಳಿತ ವರ್ಗ ಕೊಡುವ ಉತ್ತರ ಒಂದೇ: ಬೆಳೆಯುವ ಕಂಪನಿಗೆ ದುಡಿಯುವ ಬಂಡವಾಳ (ದಾಸ್ತಾನು, ಗ್ರಾಹಕರ ಬಾಕಿ ಇವುಗಳಲ್ಲಿ ಸಿಕ್ಕಿಕೊಂಡಿರುವ ಹಣ) ಹೆಚ್ಚು ಬೇಕಾಗುತ್ತದೆ. ಮಾತು ತಪ್ಪೇನಲ್ಲ. ಹಾಗಾದರೆ ಬೆಳವಣಿಗೆಯ ಲಕ್ಷಣ ಎಲ್ಲಿ ಮುಗಿದು ಮೋಸದ ಲಕ್ಷಣ ಎಲ್ಲಿ ಶುರುವಾಗುತ್ತದೆ? ಲೆಕ್ಕಪರಿಶೋಧನೆಯಲ್ಲಿ ಪಳಗಿದವರು ಯಾರಾದರೂ ಬಿಡಿಸಿ ಹೇಳುವಿರಾ?

ತಾಳೆಪಟ್ಟಿ

ಆಡಳಿತ ವರ್ಗದ ಉತ್ತರವನ್ನು ನಂಬಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳಬೇಡಿ. ಅದನ್ನು ಅಳೆದು ನೋಡಿ.

ಮಾರಾಟ 1,000, ಗ್ರಾಹಕರಿಂದ ಬರಬೇಕಾದ ಬಾಕಿ 200 ಎಂದುಕೊಳ್ಳಿ. ದಿನದ ಲೆಕ್ಕದಲ್ಲಿ ಅದು 73 ದಿನಗಳ ಬಾಕಿ, ಅಂದರೆ 73 ದಿನಗಳ ಮಾರಾಟಕ್ಕೆ ಸಮ. ಮರುವರ್ಷ ಮಾರಾಟ 1,300 ಆಯಿತು. ವಸೂಲಿ ಮೊದಲಿನ ವೇಗದಲ್ಲೇ ನಡೆದಿದ್ದರೆ ಬಾಕಿ 260 ಆಗಬೇಕು. ಬೆಳವಣಿಗೆಗೆ ದುಡಿಯುವ ಬಂಡವಾಳ ಬೇಕು ಎಂಬ ಮಾತು ಸಮರ್ಥಿಸುವುದು ಈ 60ರ ಏರಿಕೆಯನ್ನು ಮಾತ್ರ. ಬಾಕಿ 390 ಇದ್ದರೆ ಅದು ಸುಮಾರು 110 ದಿನಗಳಾಯಿತು. ಮಾರಾಟ ಹೆಚ್ಚಿದ್ದು 300, ಬಾಕಿ ಹೆಚ್ಚಿದ್ದು 190. ಹೊಸದಾಗಿ ಮಾರಿದ್ದೇವೆ ಎನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇನ್ನೂ ಕಾಗದದ ಮೇಲೆಯೇ ಇದೆ. ಇದಕ್ಕೆ ಬೆಳವಣಿಗೆ ಕಾರಣವಲ್ಲ. ಒಂದೋ ಸಾಲದ ಗಡುವು ಸಡಿಲಿಸಿ ಮಾಲು ತಳ್ಳಿದ್ದಾರೆ, ಇಲ್ಲವೇ ಗ್ರಾಹಕರು ಕೊಡಲು ಒಪ್ಪುತ್ತಿಲ್ಲ, ಅಥವಾ ಆ ಗ್ರಾಹಕರೇ ಇಲ್ಲ. ಮೂರರಲ್ಲಿ ಯಾವುದು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಮುಂದಿನ ಪ್ರಶ್ನೆ ಯಾವುದು ಎಂಬುದನ್ನಂತೂ ಹೇಳುತ್ತದೆ.

ಅಂಕಿಗಳಿಗೂ ನೆಂಟಸ್ತಿಕೆ ಇದೆ. ಮಾರಾಟ ಬೆಳೆದರೆ ಬಾಕಿ, ದಾಸ್ತಾನು, ಸಾಗಣೆ ವೆಚ್ಚ, ತೆರಿಗೆ, ಸಿಬ್ಬಂದಿ ಎಲ್ಲವೂ ತಮ್ಮ ತಮ್ಮ ಪಾಲಿಗೆ ಕದಲಬೇಕು. ಮೋಸ ಮಾಡುವವನು ಒಂದು ಅಂಕಿಯನ್ನು ತಿದ್ದಬಲ್ಲ, ಅದರ ನೆಂಟರನ್ನೆಲ್ಲ ಒಪ್ಪಿಸುವುದು ಕಷ್ಟ. ನಾನು ಯಾವುದೇ ಅಂಕಿಯನ್ನು ಒಂಟಿಯಾಗಿ ನೋಡುವುದಿಲ್ಲ.

ಇನ್ನೊಂದು ಮಾತು. ಬಾಕಿಯ ಸಾಲು ಉಬ್ಬಿದ್ದು ಕಣ್ಣಿಗೆ ಬೀಳುತ್ತದೆ ಎಂದು ಅದನ್ನು ಬೇರೆಡೆಗೆ ಸಾಗಿಸುವವರೂ ಇದ್ದಾರೆ. 'ಬಿಲ್ ಮಾಡದ ಆದಾಯ', 'ಇತರ ಚಾಲ್ತಿ ಆಸ್ತಿಗಳು', 'ಸರಬರಾಜುದಾರರಿಗೆ ಮುಂಗಡ' ಈ ಮೂರನ್ನೂ ಕೂಡಿಸಿಕೊಂಡು ದಿನದ ಲೆಕ್ಕ ಹಾಕಿ.

ಸಾಲವಿಭಾಗ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕಂಪನಿಗಳ ಲೆಕ್ಕ ಓದುವುದೇ ನನ್ನ ಕಸುಬಾಗಿತ್ತು. ತಾಳೆಪಟ್ಟಿಯವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಲಾಭ ಸುಳ್ಳಾಗಬಹುದು, ನಗದು ಸುಳ್ಳಾಗದು ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯೇ ದೊಡ್ಡ ದೊಡ್ಡ ಮೋಸಗಳಿಗೆ ಆಸರೆಯಾಯಿತು.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಪ್ರಕರಣದಲ್ಲಿ 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರವನ್ನು ಅಂಕಿಗಳಿಗಾಗಿಯೇ ಓದಬೇಕು. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕಕ್ಕೆ ತೋರಿಸಿದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡೂ ಕಡೆ ಕಳೆದು ನೋಡಿ, ವ್ಯತ್ಯಾಸ ಒಂದೇ: 588 ಕೋಟಿ. ಇಲ್ಲದ ಮಾರಾಟಕ್ಕೆ ಖರ್ಚು ಇರುವುದಿಲ್ಲ. ಹಾಗಾಗಿ ಸುಳ್ಳು ಆದಾಯದ ಪ್ರತಿ ರೂಪಾಯಿಯೂ ನೇರವಾಗಿ ಲಾಭಕ್ಕೆ ಇಳಿಯುತ್ತದೆ. ಆ ಲಾಭ ಎಲ್ಲಿದೆ ಎಂದು ಕೇಳಿದರೆ ತೋರಿಸಲು ಒಂದು ಜಾಗ ಬೇಕಲ್ಲ, ಆ ಜಾಗ ಬ್ಯಾಂಕ್ ಖಾತೆಯಾಗಿತ್ತು. ಆ ಒಂದೇ ತ್ರೈಮಾಸಿಕದಲ್ಲಿ ಕೃತಕ ಶಿಲ್ಕು ಅಷ್ಟೇ 588 ಕೋಟಿ ಏರಿತು ಎಂದು ಪತ್ರವೇ ಹೇಳುತ್ತದೆ.

ನಗದನ್ನು ಪರೀಕ್ಷಿಸುವ ನನ್ನ ಹಳೆಯ ದಾರಿ ಬಡ್ಡಿ. ವರ್ಷದ ಬಡ್ಡಿ ಆದಾಯವನ್ನು ಸರಾಸರಿ ನಗದು ಶಿಲ್ಕಿನಿಂದ ಭಾಗಿಸಿ. ಮಾರುಕಟ್ಟೆಯ ಠೇವಣಿ ದರಕ್ಕಿಂತ ತೀರಾ ಕಡಿಮೆ ಬಂದರೆ ಎರಡು ಸಾಧ್ಯತೆಗಳಿವೆ: ಹಣ ಇಲ್ಲ, ಅಥವಾ ವರ್ಷದ ಕೊನೆಯ ದಿನ ಮಾತ್ರ ಇತ್ತು. ಸತ್ಯಂನಲ್ಲಿ ಬಡ್ಡಿಯನ್ನೂ ಸುಳ್ಳಾಗಿ ಬರೆದಿದ್ದರು. ಆದರೆ ಸುಳ್ಳು ಬಡ್ಡಿ ಕೈಗೆ ಬರುವಂತಿಲ್ಲ. ಬರಬೇಕಾದ ಬಡ್ಡಿ ಎಂಬ ಸಾಲಿನಲ್ಲಿ 376 ಕೋಟಿ ಕುಳಿತಿತ್ತು, ಅದೂ ಕಾಲ್ಪನಿಕ.

ಎರಡನೆಯ ಪ್ರಶ್ನೆ ಇನ್ನೂ ಸರಳ. ಇಷ್ಟೊಂದು ಹಣ ಇದ್ದವರು ಸಾಲ ಏಕೆ ಮಾಡುತ್ತಾರೆ? ಇಟಲಿಯ ಹಾಲಿನ ಕಂಪನಿ ಪಾರ್ಮಲಾಟ್ ಕೈತುಂಬ ನಗದು ತೋರಿಸುತ್ತಲೇ ಬಾಂಡ್ ಮೇಲೆ ಬಾಂಡ್ ಹೊರಡಿಸುತ್ತಿತ್ತು. 2003ರ ಡಿಸೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕಾ ಬಾಯಿ ಬಿಟ್ಟಿತು: ಪಾರ್ಮಲಾಟ್‌ನ ಕೇಮನ್ ದ್ವೀಪದ ಅಂಗಸಂಸ್ಥೆಯ ಹೆಸರಿನಲ್ಲಿ 395 ಕೋಟಿ ಯೂರೊ ಇದೆ ಎನ್ನುವ ಪತ್ರ ನಕಲಿ, ಅಂಥ ಖಾತೆಯೇ ಇಲ್ಲ.

ಅನುಮಾನಿ

ಎಲ್ಲವೂ ಮುಗಿದ ಮೇಲೆ ಎಲ್ಲರೂ ಜಾಣರೇ. ಸತ್ಯಂಗೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು. ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್ 2018ರಲ್ಲಿ ಕೊಮರ್ಜ್‌ಬ್ಯಾಂಕನ್ನು ಹೊರದಬ್ಬಿ ಅಲ್ಲಿನ ಅಗ್ರ ಕಂಪನಿಗಳ ಷೇರು ಸೂಚ್ಯಂಕವಾದ ಡಾಕ್ಸ್‌ಗೆ ಸೇರಿತು. ವೈರ್‌ಕಾರ್ಡ್ ಲೆಕ್ಕ ಸರಿಯಿಲ್ಲ ಎಂದು ಬರೆದ ಪತ್ರಕರ್ತರ ಮೇಲೆಯೇ ಅಲ್ಲಿನ ಹಣಕಾಸು ನಿಯಂತ್ರಕರು 2019ರಲ್ಲಿ ಕ್ರಿಮಿನಲ್ ದೂರು ಕೊಟ್ಟರು. ಮರುವರ್ಷ 190 ಕೋಟಿ ಯೂರೊ ಇಲ್ಲವೆಂದು ಗೊತ್ತಾಯಿತು. ಅಷ್ಟು ಅಧಿಕಾರ, ಅಷ್ಟು ಕಡತ ಕೈಯಲ್ಲಿದ್ದವರಿಗೆ ಕಾಣದ್ದು ಮನೆಯಲ್ಲಿ ಕುಳಿತು ಭಾಗಾಕಾರ ಮಾಡುವವನಿಗೆ ಕಾಣುತ್ತದೆಯೇ? ಬಾಕಿಯ ದಿನ 73ರಿಂದ 110ಕ್ಕೆ ಏರಿದ ಪ್ರಾಮಾಣಿಕ ಕಂಪನಿಗಳನ್ನು ಬೇಕಾದಷ್ಟು ತೋರಿಸುತ್ತೇನೆ.

ಗೋದಾಮು

ಅನುಮಾನಿಯವರೇ, ಹೊರಗಿನವರಿಗೆ ಕಾಣುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಒಳಗಿನಿಂದ ಅದು ಹೇಗಿರುತ್ತದೆ ಎಂದು ಹೇಳುತ್ತೇನೆ.

ಹಿಂದೆ ಒಂದು ಉತ್ಪಾದನಾ ಕಂಪನಿಯ ಲೆಕ್ಕ ವಿಭಾಗದಲ್ಲಿದ್ದೆ. ತ್ರೈಮಾಸಿಕದ ಕೊನೆಯ ಎರಡು ದಿನ ಗೋದಾಮಿನಲ್ಲಿ ಜಾತ್ರೆ. ಲಾರಿಗಳಿಗೆ ಮಾಲು ತುಂಬಿಸುತ್ತಿದ್ದರು, ಗೇಟ್ ಪಾಸ್ ಹರಿಯುತ್ತಿದ್ದರು, ಇನ್‌ವಾಯ್ಸ್ ಮುದ್ರಿಸುತ್ತಿದ್ದರು. ಲಾರಿ ಮಾತ್ರ ಗೇಟು ದಾಟಿ ಸ್ವಲ್ಪ ದೂರದ ಬಾಡಿಗೆ ಶೆಡ್ಡಿಗೆ ಹೋಗಿ ನಿಲ್ಲುತ್ತಿತ್ತು. ವಿತರಕನಿಗೆ ಮೊದಲೇ ಫೋನು ಹೋಗಿರುತ್ತಿತ್ತು: 'ಬಿಲ್ ಬರುತ್ತದೆ, ಗಾಬರಿಯಾಗಬೇಡಿ, ಮುಂದಿನ ತಿಂಗಳು ವಾಪಸು ತೆಗೆದುಕೊಳ್ಳುತ್ತೇವೆ.' ಮುಂದಿನ ತಿಂಗಳ ಮೊದಲ ವಾರದಲ್ಲಿ ಕ್ರೆಡಿಟ್ ನೋಟುಗಳ (ಬಿಲ್ಲಿನ ಮೊತ್ತ ವಾಪಸು ಜಮೆ ಮಾಡುವ ಚೀಟಿಗಳ) ಕಂತೆ. ಕಾರಣದ ಅಂಕಣದಲ್ಲಿ ಎಲ್ಲದರ ಮೇಲೂ ಒಂದೇ ಮಾತು, 'ಗುಣಮಟ್ಟದ ತಕರಾರು'. ಗುಣಮಟ್ಟ ನೋಡುವ ವಿಭಾಗದವರಿಗೆ ಆ ತಕರಾರಿನ ಸುದ್ದಿಯೇ ಇರುತ್ತಿರಲಿಲ್ಲ.

ಇದರ ಗುರುತು ಹೊರಗಿನ ಲೆಕ್ಕಪತ್ರದಲ್ಲಿ ಉಳಿಯುತ್ತದೆ. ಮಾರಾಟ ಏರಿದರೂ ಸಾಗಣೆ ವೆಚ್ಚ ಏರುವುದಿಲ್ಲ. ವರ್ಷದ ಮಾರಾಟದಲ್ಲಿ ಕೊನೆಯ ತ್ರೈಮಾಸಿಕದ ಪಾಲು ಹಿಗ್ಗುತ್ತದೆ, ಮರು ತ್ರೈಮಾಸಿಕ ಸೊರಗುತ್ತದೆ. ಕೊನೆಕೊನೆಗೆ ಎಷ್ಟು ಎಳೆದರೂ ಸಾಲದೆ, ಕಳೆದ ಸಲ ಮುಂದಿನಿಂದ ಎಳೆದುಕೊಂಡಿದ್ದನ್ನು ತುಂಬಲು ಈ ಸಲ ದುಪ್ಪಟ್ಟು ಎಳೆಯಬೇಕಾಗುತ್ತದೆ. ಯಾರೂ ಮೊದಲ ದಿನವೇ ಮೋಸ ಮಾಡೋಣ ಎಂದು ಕುಳಿತವರಲ್ಲ. ಒಂದೇ ಸಲ, ಮುಂದಿನ ತಿಂಗಳು ಸರಿಪಡಿಸೋಣ ಎಂದೇ ಶುರುವಾದದ್ದು.

ತಾಳೆಪಟ್ಟಿ

ಗೋದಾಮು ಅವರು ಹೇಳಿದ ಜಾತಿಯ ಆಟಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಗೃಹೋಪಯೋಗಿ ಉಪಕರಣಗಳ ಕಂಪನಿ ಸನ್‌ಬೀಮ್. 1997ರಲ್ಲಿ ಅವರು ಹೊರಾಂಗಣದಲ್ಲಿ ಬಳಸುವ ಗ್ರಿಲ್ ಒಲೆಗಳನ್ನು ಬೇಸಿಗೆಗೆ ತಿಂಗಳುಗಳ ಮೊದಲೇ ಅಂಗಡಿಗಳಿಗೆ ಮಾರಿದಂತೆ ಬರೆದುಕೊಂಡರು. ಮಾಲು ಅವರ ಬಳಿಯೇ ಇತ್ತು. ಬಿಲ್ ಮಾಡಿ ಮಾಲು ಇಟ್ಟುಕೊಳ್ಳುವುದು ಎಲ್ಲ ಸಂದರ್ಭದಲ್ಲೂ ಅಕ್ರಮವಲ್ಲ, ಗ್ರಾಹಕನೇ ತನ್ನ ಕಾರಣಕ್ಕೆ ಬರೆದು ಕೇಳಿದ್ದರೆ ನಡೆಯುತ್ತದೆ. ಮಾರುವವನಿಗೆ ಅವಸರವಿದ್ದರೆ ಅದು ಬೇರೆಯೇ ಕಥೆ.

ಆದಾಯಕ್ಕಿಂತ ವೆಚ್ಚದ ಕಡೆ ಜನ ಕಡಿಮೆ ನೋಡುತ್ತಾರೆ. ಅಲ್ಲೇ ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್ ಇದೆ. ಇತರ ದೂರವಾಣಿ ಕಂಪನಿಗಳ ಜಾಲ ಬಳಸಿದ್ದಕ್ಕೆ ಕೊಡುವ ಬಾಡಿಗೆ ಅವರ ದಿನನಿತ್ಯದ ಖರ್ಚು. ಅದನ್ನು ಬಂಡವಾಳ ವೆಚ್ಚ ಎಂದು ಬರೆದು ಆಸ್ತಿ ಪಟ್ಟಿಗೆ ಸಾಗಿಸಿದರು. ಈ ವರ್ಷ ತಿನ್ನಬೇಕಾದ ಲಾಭವನ್ನು ಆ ಖರ್ಚು ವರ್ಷಗಟ್ಟಲೆ ಸವಕಳಿಯಾಗಿ ಚೂರುಚೂರೇ ತಿನ್ನುತ್ತದೆ. 2002ರ ಜೂನ್‌ನಲ್ಲಿ ಮೊದಲು ಒಪ್ಪಿಕೊಂಡದ್ದು 380 ಕೋಟಿ ಡಾಲರ್, ಎಲ್ಲ ಲೆಕ್ಕ ಸೇರಿದಾಗ ಅದು 1,100 ಕೋಟಿಯ ಆಸುಪಾಸಿಗೆ ಹೋಯಿತು. ಇಲ್ಲಿ ಅನುಮಾನಿಯವರಿಗೆ ಒಂದು ಮಾತು. ಆದಾಯಕ್ಕೆ ಹೋಲಿಸಿದಾಗ ಆ ಬಾಡಿಗೆಯ ಪ್ರಮಾಣ ತ್ರೈಮಾಸಿಕದ ಮೇಲೆ ತ್ರೈಮಾಸಿಕ ಶೇ. 42ರ ಸುತ್ತಲೇ ನಿಂತಿತ್ತು. ನಿಜವಾದ ಪ್ರಮಾಣ ಹಲವು ಸಲ ಶೇ. 50 ದಾಟಿತ್ತು. ದೂರವಾಣಿ ವ್ಯಾಪಾರವೆಲ್ಲ ನೆಲಕಚ್ಚುತ್ತಿದ್ದಾಗ ಒಂದು ಅನುಪಾತ ಅಲುಗಾಡದೆ ನಿಂತಿದೆ ಎಂದರೆ ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದಾರೆ ಎಂದೇ ಅರ್ಥ. ಏರಿಳಿತ ಕಂಡರೆ ಗಾಬರಿಯಾಗುವವರು, ಏರಿಳಿತವೇ ಇಲ್ಲದ್ದನ್ನು ಕಂಡು ಸಮಾಧಾನಪಡುತ್ತಾರೆ. ನಿಧಾನಿಯವರು ಬರೆದ 'ಒಂದು ತ್ರೈಮಾಸಿಕವೂ ಮುಗ್ಗರಿಸಿಲ್ಲ' ಎಂಬ ವಾಕ್ಯ ನನ್ನ ಕಣ್ಣಿಗೆ ಬಿದ್ದದ್ದು ಅದಕ್ಕೇ.

ಎರಡನೇ ವರ್ಷ

ಸರ್, ನಾನು ವಾಣಿಜ್ಯ ವಿದ್ಯಾರ್ಥಿ. ಅಮೆರಿಕದ ಲೆಕ್ಕಶಾಸ್ತ್ರ ಪ್ರಾಧ್ಯಾಪಕ ಬೆನೀಶ್ ಅವರ ಎಂ-ಸ್ಕೋರ್ ಎಂಬ ಸೂತ್ರವಿದೆಯಲ್ಲ? ಎಂಟು ಅನುಪಾತ ಹಾಕಿದರೆ ಒಂದು ಅಂಕ ಬರುತ್ತದೆ, ಅದು ಮೈನಸ್ 1.78ಕ್ಕಿಂತ ಮೇಲಿದ್ದರೆ ಲೆಕ್ಕ ತಿದ್ದಿರುವ ಸಾಧ್ಯತೆ ಹೆಚ್ಚು ಎಂದು ಓದಿದ್ದೇನೆ. 1998ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನು ಬಳಸಿ, ಮುಂದೆ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್ ಮೇಲೆ ಅನುಮಾನ ವ್ಯಕ್ತಪಡಿಸಿದ್ದರಂತೆ. ಹಾಗಿದ್ದರೆ ಇಷ್ಟೆಲ್ಲ ತಲೆಬಿಸಿ ಏಕೆ? ಎಲ್ಲ ಕಂಪನಿಗಳ ಮೇಲೂ ಅದನ್ನೇ ಓಡಿಸಬಹುದಲ್ಲ?

ಅನುಮಾನಿ

ಓಡಿಸಿ ನೋಡಿ, ಏನಾಗುತ್ತದೆ ಎಂದು ನಾನೇ ಹೇಳುತ್ತೇನೆ. ಬೆನೀಶ್ ಅವರ 1999ರ ಅಧ್ಯಯನದಲ್ಲಿ ಆ ಸೂತ್ರ ಲೆಕ್ಕ ತಿದ್ದಿದವರಲ್ಲಿ ಶೇ. 76ರಷ್ಟು ಮಂದಿಯನ್ನು ಹಿಡಿಯಿತು, ತಿದ್ದದವರಲ್ಲಿ ಶೇ. 17.5ರಷ್ಟು ಮಂದಿಯ ಮೇಲೂ ಬೆರಳು ತೋರಿಸಿತು. ಸಾವಿರ ಕಂಪನಿಗಳಲ್ಲಿ ಹತ್ತು ಮಾತ್ರ ಮೋಸದವು ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಏಳೆಂಟು ಸಿಗುತ್ತವೆ. ಉಳಿದ 990ರಲ್ಲಿ ಸುಮಾರು 173 ಪ್ರಾಮಾಣಿಕ ಕಂಪನಿಗಳೂ ಅದೇ ಪಟ್ಟಿಗೆ ಬೀಳುತ್ತವೆ. ನಿಮ್ಮ ಕೈಯಲ್ಲಿರುವ 180 ಹೆಸರುಗಳಲ್ಲಿ ಕಳ್ಳರು ಎಂಟು. ಮೊದಲಿನಿಂದ ನಾನು ಹೇಳುತ್ತಿರುವುದು ಇದನ್ನೇ.

ತಾಳೆಪಟ್ಟಿ

ಈ ಲೆಕ್ಕ ಸರಿಯಾಗಿದೆ, ಇದನ್ನು ಒಪ್ಪುತ್ತೇನೆ. ಆದರೆ ಸಾವಿರ ಕಂಪನಿಗಳ ಬದಲು 180ನ್ನು ಮಾತ್ರ ಓದಬೇಕು ಎಂದಾದರೆ ಅದು ಸಣ್ಣ ಲಾಭವಲ್ಲ. ಸೂತ್ರ ಶೋಧನೆಗೆ ಬೇಕು, ತೀರ್ಪಿಗಲ್ಲ.

ವಿದ್ಯಾರ್ಥಿ ಮಿತ್ರರು ಮುಂದೆ ಬೆನ್‌ಫರ್ಡ್ ನಿಯಮದ ಬಗ್ಗೆ ಕೇಳುತ್ತಾರೆ ಎಂದು ಗೊತ್ತು, ಅದಕ್ಕೂ ಈಗಲೇ ಉತ್ತರಿಸುತ್ತೇನೆ. ಸಹಜವಾಗಿ ಹುಟ್ಟಿದ ದೊಡ್ಡ ಅಂಕಿ ರಾಶಿಯಲ್ಲಿ ಮೊದಲ ಅಂಕೆ 1 ಆಗಿರುವುದು ಸುಮಾರು ಶೇ. 30 ಸಲ, 9 ಆಗಿರುವುದು ಶೇ. 5ಕ್ಕೂ ಕಡಿಮೆ. ಸಾವಿರಾರು ವೋಚರುಗಳು ಕೈಯಲ್ಲಿರುವ ಪರಿಶೋಧಕನಿಗೆ ಇದು ಉಪಯೋಗಕ್ಕೆ ಬರುತ್ತದೆ. ಪ್ರಕಟಿತ ವರದಿಯ ನಾಲ್ಕು ಹಾಳೆಗೆ ಹಚ್ಚಿದರೆ ಏನೂ ಸಿಗುವುದಿಲ್ಲ.

ಒಳಪರಿಶೋಧಕಿ

ತಡವಾಗಿ ಬಂದೆ, ಕ್ಷಮಿಸಿ. ಎಲ್ಲರೂ ಅಂಕಿಯಿಂದ ಶುರು ಮಾಡಿದ್ದೀರಿ. ಆಂತರಿಕ ಲೆಕ್ಕಪರಿಶೋಧನೆಯಲ್ಲಿ ನಾವು ನಮೂದಿನಿಂದ ಶುರು ಮಾಡುತ್ತೇವೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ಬರೆದರು?

ಮಾರಾಟ ವಿಭಾಗದಿಂದ ಬಂದ ಬಿಲ್ಲಿನ ಹಿಂದೆ ಆದೇಶ, ಸಾಗಣೆ ಪತ್ರ, ಸ್ವೀಕೃತಿ ಇರುತ್ತದೆ. ತಿಂಗಳು ಮುಗಿದ ಮೇಲೆ ಕೇಂದ್ರ ಕಚೇರಿಯಲ್ಲಿ ಕೈಯಿಂದ ಹಾಕಿದ ಜರ್ನಲ್ ನಮೂದಿನ ಹಿಂದೆ ಹೆಚ್ಚೆಂದರೆ ಒಂದು ಇಮೇಲ್ ಇರುತ್ತದೆ. ದುಂಡು ಮೊತ್ತ, ರಾತ್ರಿಯ ಸಮಯ, ವಿವರಣೆಯ ಅಂಕಣ ಖಾಲಿ, ಸಾಮಾನ್ಯವಾಗಿ ನಮೂದು ಹಾಕದ ಹಿರಿಯ ಅಧಿಕಾರಿಯ ಲಾಗಿನ್, ತ್ರೈಮಾಸಿಕ ಮುಗಿದ ಮೇಲೆ ಆದಾಯಕ್ಕೆ ಸೇರಿದ್ದು, ಮುಂದಿನ ತ್ರೈಮಾಸಿಕದ ಆರಂಭದಲ್ಲಿ ತಿರುಗುಮುರುಗಾದದ್ದು: ಇವು ಕಂಡರೆ ನಾವು ಮೊದಲು ಆ ವ್ಯಕ್ತಿಯ ಬಳಿ ಹೋಗುವುದಿಲ್ಲ, ದಾಖಲೆ ಕೇಳುತ್ತೇವೆ. ವರ್ಲ್ಡ್‌ಕಾಮ್‌ನಲ್ಲಿ ಆಂತರಿಕ ಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಅವರ ತಂಡ ಹಿಡಿದ ದಾರವೂ ಇಂಥದ್ದೇ. 'ಪ್ರೀಪೇಯ್ಡ್ ಕೆಪಾಸಿಟಿ' ಎಂಬ ಶೀರ್ಷಿಕೆಯಡಿ ಕೋಟಿಗಟ್ಟಲೆ ಬರೆದಿತ್ತು, ಅದರ ಅರ್ಥವೇನು ಎಂದು ಕೇಳಿದರೆ ಬರೆದವರಿಗೇ ವಿವರಿಸಲು ಬರಲಿಲ್ಲ.

ಮೋಸ ಮಾಡುವವರಿಗೂ ನಮ್ಮ ಪದ್ಧತಿ ಗೊತ್ತಿರುತ್ತದೆ. ಅಮೆರಿಕದ ಆರೋಗ್ಯಸೇವೆ ಕಂಪನಿ ಹೆಲ್ತ್‌ಸೌತ್‌ನಲ್ಲಿ ಪರಿಶೋಧಕರು 5,000 ಡಾಲರ್‌ಗಿಂತ ಮೇಲಿನ ನಮೂದುಗಳನ್ನು ನೋಡುತ್ತಾರೆ ಎಂದು ತಿಳಿದು, ಅದಕ್ಕಿಂತ ಸಣ್ಣ ಸಣ್ಣ ಸುಳ್ಳು ನಮೂದುಗಳನ್ನು ರಾಶಿ ಹಾಕಿದರು. ಹೀಗೆ ಉಬ್ಬಿಸಿದ ಒಟ್ಟು ಲಾಭ ಸುಮಾರು 270 ಕೋಟಿ ಡಾಲರ್.

ಇನ್ನು ಜನ. ಡೊನಾಲ್ಡ್ ಕ್ರೆಸ್ಸಿ ಎಂಬ ಅಪರಾಧಶಾಸ್ತ್ರಜ್ಞರು ಹಣ ನುಂಗಿ ಜೈಲು ಸೇರಿದವರನ್ನು ಮಾತನಾಡಿಸಿ ಗುರುತಿಸಿದ ಸಂಗತಿಗಳೇ ಮುಂದೆ ಒತ್ತಡ, ಅವಕಾಶ, ಸಮರ್ಥನೆ ಎಂಬ ತ್ರಿಕೋನವಾದವು. ಪಠ್ಯದಲ್ಲಿ ಮೂರಕ್ಕೂ ಸಮಾನ ಜಾಗ ಕೊಡುತ್ತಾರೆ. ನನ್ನ ಅನುಭವದಲ್ಲಿ ಲೆಕ್ಕಪತ್ರದ ಮೋಸಕ್ಕೆ ಒತ್ತಡವೇ ತಾಯಿ. ಜಪಾನಿನ ತೋಷಿಬಾದಲ್ಲಿ ಮೇಲಿನವರು 'ಚಾಲೆಂಜ್' ಎಂಬ ಹೆಸರಿನಲ್ಲಿ ಮುಟ್ಟಲಾಗದ ಲಾಭದ ಗುರಿ ಕೊಡುತ್ತಿದ್ದರು. ಕೆಲವೊಮ್ಮೆ ಅವಧಿ ಮುಗಿಯಲು ಕೆಲವೇ ದಿನ ಉಳಿದಿರುವಾಗ! ಸುಳ್ಳು ಬರೆಯಿರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸೋತೆ ಎಂದು ಹೇಳುವ ದಾರಿ ಮುಚ್ಚಿದರೆ ಸಾಕಾಗಿತ್ತು. 2015ರ ಸ್ವತಂತ್ರ ಸಮಿತಿಯ ವರದಿಯಲ್ಲಿ ಏಳು ವರ್ಷಗಳಲ್ಲಿ ಉಬ್ಬಿಸಿದ ಲಾಭ 15,180 ಕೋಟಿ ಯೆನ್ ಎಂದಿತ್ತು.

ಕೊನೆಯದಾಗಿ, ವಂಚನೆ ಪರೀಕ್ಷಕರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇಯ 2024ರ ವರದಿ ಪ್ರಕಾರ ಶೇ. 43ರಷ್ಟು ವಂಚನೆಗಳು ಬೆಳಕಿಗೆ ಬಂದದ್ದು ಯಾರೋ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೌಕರರು. ಅದೇ ವರದಿಯಲ್ಲಿ ಲೆಕ್ಕಪತ್ರದ ಮೋಸದ ಪಾಲು ಪ್ರಕರಣಗಳಲ್ಲಿ ಶೇ. 5 ಮಾತ್ರ, ಪ್ರಕರಣವೊಂದರ ನಷ್ಟದಲ್ಲಿ ಮಾತ್ರ ಅದಕ್ಕೇ ಮೊದಲ ಸ್ಥಾನ.

ನಿಧಾನಿ

ಮೇಡಂ, ನೀವು ಹೇಳಿದ್ದು ಓದಲು ಚೆನ್ನಾಗಿದೆ, ಆದರೆ ಜರ್ನಲ್ ನಮೂದು ನನಗೆ ಯಾರು ತೋರಿಸುತ್ತಾರೆ? ನನ್ನ ಬಳಿ ಇರುವುದು ಮುದ್ರಿತ ವರದಿ ಮತ್ತು ವಿಶ್ಲೇಷಕರ ಜೊತೆಗಿನ ಸಂವಾದದ ಪಠ್ಯ, ಅಷ್ಟೇ.

ಸಾಲವಿಭಾಗ

ಅಷ್ಟಿದ್ದರೆ ಕಡಿಮೆಯೇನಲ್ಲ.

ವರದಿಯನ್ನು ಹಿಂದಿನಿಂದ ಓದಿ. ಮುಂದಿನ ಹಾಳೆಗಳಲ್ಲಿ ಇರುವುದು ಅವರು ಹೇಳಬಯಸಿದ್ದು. ಕಾನೂನಿಗೆ ಅಂಜಿ ಹೇಳಿದ್ದು ಹಿಂದಿನ ಟಿಪ್ಪಣಿಗಳಲ್ಲಿರುತ್ತದೆ. ಎನ್ರಾನ್‌ನ 2000ದ ವರದಿಯ ಒಂದು ಟಿಪ್ಪಣಿಯಲ್ಲಿ, ತಮ್ಮ ಹಿರಿಯ ಅಧಿಕಾರಿಯೊಬ್ಬರೇ ನಡೆಸುವ ಪಾಲುದಾರಿಕೆ ಸಂಸ್ಥೆಗಳ ಜೊತೆ ಕಂಪನಿ ವ್ಯವಹಾರ ಮಾಡುತ್ತಿದೆ ಎಂದು ಬರೆದೇ ಇತ್ತು. ಭಾಷೆ ಎಷ್ಟು ಗೋಜಲಾಗಿತ್ತೆಂದರೆ ಮೂರು ಸಲ ಓದಿದರೂ ಯಾರು ಯಾರಿಗೆ ಏನು ಕೊಟ್ಟರು ಎಂದು ತಿಳಿಯುವಂತಿರಲಿಲ್ಲ. ಸಂಬಂಧಿತ ಪಕ್ಷಗಳ ವಹಿವಾಟಿನ ಟಿಪ್ಪಣಿ ಅರ್ಥವಾಗದಿದ್ದರೆ ನಿಮ್ಮ ದಡ್ಡತನ ಎಂದುಕೊಳ್ಳಬೇಡಿ. ಅರ್ಥವಾಗಬಾರದೆಂದೇ ಬರೆದಿರಬಹುದು.

ಅದೇ ಕಂಪನಿಯ ಆದಾಯ 1999ರಲ್ಲಿ ಸುಮಾರು 4,000 ಕೋಟಿ ಡಾಲರ್, 2000ದಲ್ಲಿ 10,000 ಕೋಟಿ. ಎರಡೂವರೆ ಪಟ್ಟು. ನಿವ್ವಳ ಲಾಭ 89.3 ಕೋಟಿಯಿಂದ 97.9 ಕೋಟಿಗೆ, ಶೇ. 10ರಷ್ಟೂ ಏರಿಲ್ಲ. ಇಷ್ಟು ದೊಡ್ಡ ವ್ಯಾಪಾರ ಹೊಸದಾಗಿ ಬಂದು ಇಷ್ಟೇ ಲಾಭ ತಂದಿತೇ ಎಂದು ಕೇಳಲು ಯಾವ ಸೂತ್ರವೂ ಬೇಡ.

ಸಂವಾದದ ಪಠ್ಯದಲ್ಲಿ ಉತ್ತರಗಳಿಗಿಂತ ಉತ್ತರಿಸುವವರ ಧಾಟಿ ನೋಡಿ. 2001ರ ಏಪ್ರಿಲ್‌ನಲ್ಲಿ ಒಬ್ಬ ವಿಶ್ಲೇಷಕ, ಫಲಿತಾಂಶದ ಜೊತೆ ಬ್ಯಾಲೆನ್ಸ್ ಶೀಟ್ ಮತ್ತು ನಗದು ಹರಿವಿನ ಪಟ್ಟಿ ಏಕೆ ಕೊಡುವುದಿಲ್ಲ ಎಂದು ಎನ್ರಾನ್ ಮುಖ್ಯಸ್ಥ ಸ್ಕಿಲ್ಲಿಂಗ್ ಅವರನ್ನು ಕೇಳಿದರು. ಸಿಕ್ಕಿದ್ದು ಬೈಗುಳ. ಆ ವರ್ಷದ ಫೆಬ್ರುವರಿಯಲ್ಲಿ ಮುಖ್ಯಸ್ಥರಾಗಿದ್ದ ಸ್ಕಿಲ್ಲಿಂಗ್ ಆಗಸ್ಟ್‌ನಲ್ಲಿ ವೈಯಕ್ತಿಕ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಕಂಪನಿ ದಿವಾಳಿ.

ಇನ್ನು ಚಿಕ್ಕ ಚಿಕ್ಕ ವಿಷಯಗಳು. ಲೆಕ್ಕಪರಿಶೋಧಕರು ಅವಧಿಯ ನಡುವೆ ಬಿಟ್ಟುಹೋಗಿದ್ದಾರೆಯೇ, ಕಾರಣ ಏನೆಂದು ಕೊಟ್ಟಿದ್ದಾರೆ? ಹಣಕಾಸು ಮುಖ್ಯಸ್ಥರು ಎಷ್ಟು ಸಲ ಬದಲಾದರು? ಸವಕಳಿಯ ಅವಧಿ ಅಥವಾ ಆದಾಯ ಗುರುತಿಸುವ ನೀತಿ ಈ ವರ್ಷವೇ ಏಕೆ ಬದಲಾಯಿತು, ಅದರಿಂದ ಲಾಭ ಏರಿತೋ ಇಳಿಯಿತೋ? ಪ್ರವರ್ತಕರ ಷೇರುಗಳಲ್ಲಿ ಎಷ್ಟು ಪಾಲು ಅಡವಿದೆ? ಫಲಿತಾಂಶ ಪ್ರಕಟಿಸುವ ದಿನ ಮುಂದಕ್ಕೆ ಹೋಗುತ್ತಲೇ ಇದೆಯೇ? ಸ್ವಾಧೀನಗಳಿದ್ದರೆ ದಲ್ಲಾಳಿಗಳಿಗೆ ಕೊಟ್ಟ ಶುಲ್ಕವನ್ನೂ ನೋಡಿ. ಜಪಾನಿನ ಕ್ಯಾಮೆರಾ ಕಂಪನಿ ಒಲಿಂಪಸ್ ಸುಮಾರು 200 ಕೋಟಿ ಡಾಲರ್‌ನ ಒಂದು ಖರೀದಿಗೆ ಸಲಹೆಗಾರರಿಗೆ 68.7 ಕೋಟಿ ಡಾಲರ್ ಕೊಟ್ಟಿತ್ತು. ಮೂರನೇ ಒಂದಕ್ಕಿಂತ ಹೆಚ್ಚು! ಹಳೆಯ ಹೂಡಿಕೆ ನಷ್ಟಗಳನ್ನು ಮುಚ್ಚುವುದಕ್ಕೆ ಆ ಹಣ ಹೋಗಿತ್ತು. ಇದನ್ನು ಪ್ರಶ್ನಿಸಿದ ಮುಖ್ಯಸ್ಥ ಮೈಕೆಲ್ ವುಡ್‌ಫರ್ಡ್ ಅವರನ್ನೇ 2011ರ ಅಕ್ಟೋಬರಿನಲ್ಲಿ ಹೊರಗೆ ಕಳುಹಿಸಿದರು.

ಎರಡನೇ ವರ್ಷ

ಲೆಕ್ಕಪರಿಶೋಧಕರು ಯಾವ ತಕರಾರೂ ಇಲ್ಲದ ವರದಿ ಕೊಟ್ಟಿದ್ದರೆ? ಅದಕ್ಕೆ ಬೆಲೆಯೇ ಇಲ್ಲವೇ?

ತಾಳೆಪಟ್ಟಿ

ಬೆಲೆ ಇದೆ, ಆದರೆ ಜನ ಕಟ್ಟುವಷ್ಟು ಇಲ್ಲ. ನಾವು ಪರಿಶೋಧಕರು ಕೊಡುವುದು ಸಮಂಜಸ ಭರವಸೆ, ಖಾತರಿಯಲ್ಲ. ನಮ್ಮ ಮಾನದಂಡಗಳೇ ಆದಾಯ ಗುರುತಿಸುವಲ್ಲಿ ವಂಚನೆಯ ಅಪಾಯವಿದೆ ಎಂದು ಮೊದಲೇ ಭಾವಿಸಿಕೊಳ್ಳಲು, ಆಡಳಿತ ವರ್ಗ ನಿಯಂತ್ರಣಗಳನ್ನು ಮೀರಬಲ್ಲದು ಎಂದುಕೊಂಡೇ ಕೆಲಸ ಮಾಡಲು ಹೇಳುತ್ತವೆ. ಕೆಲಸ ಹಾಗೆ ನಡೆಯುತ್ತದೆಯೇ ಎಂಬುದು ಬೇರೆ ಮಾತು.

ಬ್ಯಾಂಕ್ ಶಿಲ್ಕಿನ ದೃಢೀಕರಣವನ್ನೇ ತೆಗೆದುಕೊಳ್ಳಿ. ಪತ್ರವನ್ನು ಪರಿಶೋಧಕ ಬರೆದು, ತಾನೇ ಬ್ಯಾಂಕಿಗೆ ಕಳುಹಿಸಿ, ಉತ್ತರವನ್ನು ನೇರವಾಗಿ ತಾನೇ ಪಡೆಯಬೇಕು. ನಡುವೆ ಕಂಪನಿಯ ಕೈ ಸೋಕಬಾರದು. ಸತ್ಯಂನಲ್ಲಿ ಈ ನಿಯಂತ್ರಣವನ್ನು ಬಿಟ್ಟುಕೊಟ್ಟದ್ದು ಪರಿಶೋಧಕರ ವಿರುದ್ಧ ಅಮೆರಿಕದ ನಿಯಂತ್ರಕರು ಎತ್ತಿದ ಮುಖ್ಯ ಆಕ್ಷೇಪ. ವೈರ್‌ಕಾರ್ಡ್‌ನಲ್ಲೂ ಕೊನೆಗೆ ಕಂಪನಿಯ ಕಡೆಯಿಂದ ಬಂದ ಪತ್ರಗಳನ್ನು ಬದಿಗಿಟ್ಟು ಫಿಲಿಪ್ಪೀನ್ಸಿನ ಎರಡು ಬ್ಯಾಂಕುಗಳನ್ನೇ ಕೇಳಿದಾಗ, ಆ ಕಾಗದಗಳು ಖೋಟಾ ಎಂಬ ಉತ್ತರ ಬಂತು. ಕೇಳುವ ಕೆಲಸ ಸಣ್ಣದು, ಸರಿಯಾದ ವಿಳಾಸಕ್ಕೆ ಕೇಳಬೇಕು.

ವರದಿಯಲ್ಲಿ ಅಭಿಪ್ರಾಯದ ಸಾಲನ್ನು ಓದಿ ಮುಚ್ಚಿಬಿಡಬೇಡಿ. 'ಪ್ರಮುಖ ಪರಿಶೋಧನಾ ವಿಷಯಗಳು' ಎಂಬ ಭಾಗದಲ್ಲಿ ಅವರನ್ನು ಹೆಚ್ಚು ಕಾಡಿದ್ದು ಏನು ಎಂದು ಬರೆದಿರುತ್ತದೆ. ಅಂಗಸಂಸ್ಥೆಗಳಲ್ಲಿ ಎಷ್ಟನ್ನು ತಾವೇ ಪರಿಶೋಧಿಸಿಲ್ಲ, ಬೇರೆಯವರ ವರದಿಯನ್ನು ನಂಬಿದ್ದೇವೆ ಎಂಬ ಮಾತೂ ಅದೇ ವರದಿಯ ಇನ್ನೊಂದು ಭಾಗದಲ್ಲಿ ಇರುತ್ತದೆ. ಲಾಭದ ದೊಡ್ಡ ಪಾಲು ಆ ಅಂಗಸಂಸ್ಥೆಗಳಿಂದಲೇ ಬರುತ್ತಿದ್ದರೆ ನಿಲ್ಲಿ.

ಅನುಮಾನಿ

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಕಾಗದ ಬಿಟ್ಟು ಬೀದಿಗೆ ಇಳಿದವರು ಗೆದ್ದಿದ್ದಾರೆ. ಚೀನಾದ ಲಕಿನ್ ಕಾಫಿ ಮೇಲೆ 2020ರ ಜನವರಿಯಲ್ಲಿ ಹೊರಬಂದ ಅನಾಮಧೇಯ ವರದಿಗಾಗಿ 1,500 ಜನರನ್ನು ಅಂಗಡಿಗಳಿಗೆ ಕಳುಹಿಸಿ 11,260 ಗಂಟೆಗಳ ವಿಡಿಯೊ ತೆಗೆದಿದ್ದರು, 25,843 ರಸೀದಿ ಕೂಡಿಹಾಕಿದ್ದರು. ಏಪ್ರಿಲ್‌ನಲ್ಲಿ ಕಂಪನಿಯೇ ಸುಮಾರು 220 ಕೋಟಿ ಯುವಾನ್ ಮಾರಾಟ ಸುಳ್ಳು ಎಂದಿತು. ಆದರೆ ಅವರಿಗೆ ಅದರಲ್ಲಿ ಹಣ ಮಾಡುವ ಆಸಕ್ತಿಯೂ ಇತ್ತು, ಸಾಮರ್ಥ್ಯವೂ ಇತ್ತು. ನಿಧಾನಿಯವರಿಗೆ ಇರುವುದು ಒಂದು ಕ್ಯಾಲ್ಕುಲೇಟರ್. ಅನುಮಾನ ಬಂದರೆ ಆ ಷೇರನ್ನು ಬಿಟ್ಟು ಬೇರೆಯದನ್ನು ನೋಡಲಿ, ಪತ್ತೇದಾರಿಕೆ ಏಕೆ?

ಸಾಲವಿಭಾಗ

ಹೂಡಿಕೆದಾರನಿಗೆ ಆ ಸ್ವಾತಂತ್ರ್ಯ ಇದೆ, ನಿಜ. ಸಾಲ ಕೊಟ್ಟಾದ ಮೇಲೆ ಬ್ಯಾಂಕಿಗೆ ಇಲ್ಲ. ಅಲ್ಲಿ ದುಡಿಯುವವನಿಗೂ ಇಲ್ಲ.

ನಿಧಾನಿ

ಎಲ್ಲರ ಮಾತಿನಂತೆ ಕುಳಿತು ಲೆಕ್ಕ ಹಾಕಿದೆ. ಬಾಕಿಯ ದಿನ ಮೂರು ವರ್ಷಗಳಲ್ಲಿ 81, 96, 118. 'ಇತರ ಚಾಲ್ತಿ ಆಸ್ತಿ' ಸೇರಿಸಿದರೆ ಕೊನೆಯ ವರ್ಷ 140 ದಾಟುತ್ತದೆ. ಬಡ್ಡಿಯ ಪರೀಕ್ಷೆಯಲ್ಲಿ ಕಂಪನಿ ಸಲೀಸಾಗಿ ಪಾಸಾಯಿತು, ನಗದು ಇದೆ ಎಂದೇ ತೋರುತ್ತದೆ. ಪರಿಶೋಧಕರು ಬದಲಾಗಿಲ್ಲ. ಸಾಗಣೆ ವೆಚ್ಚ ಮಾರಾಟದ ಜೊತೆಗೇ ಏರಿದೆ, ಆದ್ದರಿಂದ ಗೋದಾಮು ಅವರ ಲಾರಿ ಇಲ್ಲಿ ಇದ್ದಂತಿಲ್ಲ. ಆರು ತಿಂಗಳು ಮೀರಿದ ಬಾಕಿ ದುಪ್ಪಟ್ಟಾಗಿದೆ, ಆದರೆ ವಸೂಲಾಗದ ಬಾಕಿಗೆಂದು ಲಾಭದಿಂದ ತೆಗೆದಿಟ್ಟ ಮೊತ್ತ ಬೆಳೆದೇ ಇಲ್ಲ. ಇದು ಮೋಸವೇ?

ತಾಳೆಪಟ್ಟಿ

ಗೊತ್ತಿಲ್ಲದೆ ಹೌದು ಎನ್ನಲಾರೆ. ಮಾಲು ಹೋಗಿದೆ, ಹಣ ಬಂದಿಲ್ಲ, ಬರುವುದಿಲ್ಲ ಎಂದು ಒಪ್ಪಲು ಮನಸ್ಸಿಲ್ಲ. ಇಷ್ಟನ್ನು ನಿಮ್ಮ ಅಂಕಿಗಳು ಹೇಳುತ್ತಿವೆ. ಇದು ಆಶಾವಾದವೂ ಆಗಿರಬಹುದು, ಆದರೆ ಲಾಭ ಉಬ್ಬಿರುವುದಂತೂ ಹೌದು. ತೆಗೆದಿಡುವ ಮೊತ್ತ ಹಳೆಯ ಬಾಕಿಯಷ್ಟೇ ವೇಗದಲ್ಲಿ ಬೆಳೆದಿದ್ದರೆ ಲಾಭ ಎಷ್ಟಾಗುತ್ತಿತ್ತು ಎಂದು ಕಳೆದು ನೋಡಿ. ಏರಿಕೆ ಮಾಯವಾಗುತ್ತದೆಯೇ ಎಂದು ನನಗೂ ಕುತೂಹಲ.

ಒಳಪರಿಶೋಧಕಿ

ಜೊತೆಗೆ, ಆ ಹಳೆಯ ಬಾಕಿ ಮುಂದಿನ ವರದಿಯಲ್ಲಿ ಯಾವ ರೂಪದಲ್ಲಿ ಹೋಯಿತು ಎಂದು ನೋಡಿ. ನಗದಾಗಿ ಬಂದಿದ್ದರೆ ಸರಿ. ಗ್ರಾಹಕನಿಗೆ ಕೊಟ್ಟ ಸಾಲವೆಂದು ಹೆಸರು ಬದಲಿಸಿಕೊಂಡು ದೀರ್ಘಾವಧಿ ಆಸ್ತಿಯಾಗಿ ಕುಳಿತಿದ್ದರೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಆ ಗ್ರಾಹಕರು ಯಾರು, ನಿರ್ದೇಶಕರಿಗೂ ಅವರಿಗೂ ಏನು ಸಂಬಂಧ ಎಂದು ಕೇಳಿ. ಉತ್ತರ ಲಿಖಿತವಾಗಿ ಬೇಕು ಎಂದೂ ಹೇಳಿ.

ನಿಧಾನಿ

ಸಭೆ ಮುಂದಿನ ತಿಂಗಳು ಇದೆ. ಪ್ರಶ್ನೆ ಬರೆದು ಕಳುಹಿಸುತ್ತೇನೆ. ಕಳೆದು ನೋಡಿದ ಲಾಭದ ಲೆಕ್ಕವನ್ನು ನಾಳೆ ಇಲ್ಲೇ ಹಾಕುತ್ತೇನೆ, ತಾಳೆಪಟ್ಟಿಯವರು ಒಮ್ಮೆ ಪರಿಶೀಲಿಸಬೇಕು.